ಮುಖ್ಯಮಂತ್ರಿಯ ಗಂಟಲು

ಮೊನ್ನೆ ಬಿಜೈಯ ಡಬ್ಬಿಂಗ್ ಸ್ಟುಡಿಯೋದ ಮೆಟ್ಟಿಲು ಹತ್ತುವಾಗ ಅರ್ಧ ದಾರಿಯಲ್ಲೇ ಜ್ಯೇಷ್ಠಮಧುವಿನ ವಾಸನೆ ಬಂತು. ಒದ್ದೆ ಕೊಡೆ, ಹಳೆಯ ಕಾರ್ಪೆಟ್, ಸೊಳ್ಳೆಬತ್ತಿ ಇವುಗಳ ನಡುವೆ ಆ ಬೇರಿನ ಸಿಹಿ ವಾಸನೆ. ಕರುಣಾಕರಣ್ಣ ಆಗಲೇ ಬಂದಿದ್ದಾರೆ ಎಂದುಕೊಂಡೆ. ಸ್ವರವನ್ನು ನಂಬಿ ಬದುಕುವವರು ಬಾಯಲ್ಲಿಟ್ಟು ಚೀಪುವ ಬೇರು ಅದು. ಅವರ ದವಡೆಯಲ್ಲಿ ಸದಾ ಒಂದು ಚೂರು ಇರುತ್ತದೆ. ಮೇಲೆ ನಮ್ಮ ಧಾರಾವಾಹಿಯ ಹೊಸ ಸೀಸನ್ನಿನ ಮೊದಲ ಕಂತು ಕಾಯುತ್ತಿತ್ತು. ಅದರಲ್ಲಿ ವಿರೋಧ ಪಕ್ಷದ ನಾಯಕ ಸಾಯುತ್ತಾನೆ. ಅವನ ಮಾತುಗಳನ್ನು ಬರೆದವಳು ನಾನು, ಸಾವನ್ನೂ ನಾನೇ ಬರೆಯಬೇಕಾಗಿ ಬಂದಿತ್ತು. ಅದಕ್ಕೆ ಸ್ವರ ಕೊಡಬೇಕಾದ ಫೆಲಿಕ್ಸ್ ಬಾಬ್‌ರ ಮುಖ ನೋಡುವ ಧೈರ್ಯವಿಲ್ಲದೆ ಅಲ್ಲೇ ಗೋಡೆಗೊರಗಿ ನಿಂತೆ. ಆಗ ಆ ವಾಸನೆಯ ಜೊತೆಗೆ ಇನ್ನೊಂದು ಮಳೆಗಾಲ, ಇನ್ನೊಂದು ಮೊದಲ ಕಂತು ನೆನಪಾಯಿತು.

ನಾನು ಹಗಲು ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಸಂಜೆ ರಾಜಕೀಯ. ಅಂದರೆ ಹಿಂದಿಯ ಒಂದು ರಾಜಕೀಯ ಧಾರಾವಾಹಿಯನ್ನು ನಮ್ಮೂರಿನ ಚಾನೆಲ್ಲಿಗಾಗಿ ತುಳುವಿಗೆ ತರುವ ಕೆಲಸ. ವರ್ಷ ವರ್ಷವೂ ಹೊಸ ಸೀಸನ್ ಬರುತ್ತದೆ, ಮುಗಿಯುವ ಲಕ್ಷಣವೇ ಇಲ್ಲ. ಅದಕ್ಕೊಂದು ಉದ್ದನೆಯ ಹೆಸರುಂಟು, ಆದರೆ ಊರಲ್ಲಿ ಎಲ್ಲರೂ ‘ಕುರ್ಚಿ’ ಎಂದೇ ಕರೆಯುತ್ತಾರೆ. ಅದರಲ್ಲಿರುವವರು ಕುರ್ಚಿಗಾಗಿ ಕಚ್ಚಾಡುವುದು ಬಿಟ್ಟು ಬೇರೆ ಕೆಲಸ ಮಾಡಿದ್ದನ್ನು ನಾನಂತೂ ನೋಡಿಲ್ಲ. ನನ್ನ ಕೆಲಸ ಹೇಳಿದಷ್ಟು ಸುಲಭದ್ದಲ್ಲ. ಪರದೆಯ ಮೇಲಿನ ನಟ ಹಿಂದಿಯಲ್ಲಿ ಎಲ್ಲಿ ತುಟಿ ಮುಚ್ಚುತ್ತಾನೋ ಅಲ್ಲಿ ನನ್ನ ತುಳುವಿನಲ್ಲೂ ಒಂದು ಪ, ಬ, ಮ ಬಂದು ಕೂರಬೇಕು. ಇಲ್ಲವಾದರೆ ಅವನು ಗಾಳಿ ತಿಂದ ಹಾಗೆ ಕಾಣುತ್ತದೆ.

ನಮ್ಮದು ದೇವಸ್ಥಾನದ ಪೂಜೆಯ ಮನೆತನ. ನಮ್ಮ ಮನೆಯ ತುಳುವೇ ಬೇರೆ, ಊರ ತುಳುವೇ ಬೇರೆ. ಆರಂಭದಲ್ಲಿ ನಾನು ಮನೆಯ ತುಳುವಿನಲ್ಲೇ ಮಾತುಗಳನ್ನು ಬರೆದು ಕೊಂಡುಹೋಗಿದ್ದೆ. ಮುಖ್ಯಮಂತ್ರಿಗೆ ಸ್ವರ ಕೊಡಲು ಬಂದಿದ್ದ ಕರುಣಾಕರಣ್ಣ ಹಾಳೆ ಓದಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

“ಟೀಚರ್, ಈ ಜನ ಓಟು ಕೇಳುವುದಾ, ಇಲ್ಲ ತೀರ್ಥ ಕೊಡುವುದಾ?”

ಎಲ್ಲರೂ ನಕ್ಕರು. ನನಗೆ ಉರಿದುಹೋಯಿತು. ಆದರೆ ಅವರು ಅಲ್ಲೇ ಕೂತು ಒಂದೊಂದೇ ಮಾತನ್ನು ಊರ ತುಳುವಿಗೆ ತಿರುಗಿಸಿಕೊಟ್ಟರು. ಅಂದಿನಿಂದ ನಮ್ಮ ಸ್ನೇಹ ಗಟ್ಟಿಯಾಯಿತು. (ಅಲ್ಲಿ ನಾವು ಆಡುತ್ತಿದ್ದದ್ದು ಹೆಚ್ಚಾಗಿ ತುಳುವೇ. ಇಲ್ಲಿ ಅದನ್ನು ನಮ್ಮೂರಿನ ಕನ್ನಡದಲ್ಲಿ ಹೇಳುತ್ತಿದ್ದೇನೆ.)

ಕರುಣಾಕರಣ್ಣ ಸುರತ್ಕಲ್ಲಿನವರು. ತುಳು ನಾಟಕದಲ್ಲಿ ರಾಜ, ಪಟೇಲ, ಪೊಲೀಸು ಎಲ್ಲ ಆಗಿ, ಮೊಣಕಾಲು ಕೈಕೊಟ್ಟ ಮೇಲೆ ರಂಗ ಬಿಟ್ಟವರು. ಅವರಿಗೆ ಉಳಿದಿದ್ದ ಪಾತ್ರ ಈ ಮುಖ್ಯಮಂತ್ರಿ ಒಂದೇ. ವಿರೋಧ ಪಕ್ಷದ ನಾಯಕನ ಸ್ವರ ಫೆಲಿಕ್ಸ್ ಬಾಬ್‌ರದ್ದು. ನಾವು ಅಣ್ಣ ಎನ್ನುವ ಹಾಗೆ ಕೊಂಕಣಿಯವರಲ್ಲಿ ಬಾಬ್ ಎನ್ನುವುದು ಗೌರವದ ಮಾತು. ಕೂಳೂರಿನಲ್ಲಿ ಅವರಿಗೊಂದು ಬೇಕರಿ, ಜೊತೆಗೆ ನಾಟಕದ ಹುಚ್ಚು. ಕೊಂಕಣಿ ನಾಟಕವೂ ಆಯಿತು, ತುಳು ನಾಟಕವೂ ಆಯಿತು, ಎರಡರಲ್ಲೂ ಅವರು ಖಳನಾಯಕರೇ. ಸ್ಟುಡಿಯೋದ ಯಜಮಾನ ಪ್ರವೀಣ. ಯಂತ್ರದ ಮುಂದೆ ಕೂರುವವನೂ ಅವನೇ, ಚಹಾಕ್ಕೆ ಫೋನ್ ಮಾಡುವವನೂ ಅವನೇ. ಸ್ಟುಡಿಯೋ ಇರುವುದು ಕಟ್ಟಡದ ಕೊನೆಯ ಮಹಡಿಯಲ್ಲಿ, ತಗಡಿನ ಮಾಡಿನ ಅಡಿಯಲ್ಲಿ. ಏನೇನೋ ಸ್ಪಂಜು ಅಂಟಿಸಿದರೂ ಜೋರು ಮಳೆ ಬಂದರೆ ಮೈಕಿಗೆ ಕೇಳುತ್ತದೆ. ಮಳೆಗಾಲದಲ್ಲಿ ನಮ್ಮ ರಾಜಕೀಯವೆಲ್ಲ ನಡೆಯುವುದು ಎರಡು ಮಳೆಗಳ ನಡುವಿನ ಬಿಡುವಿನಲ್ಲಿ.

ಹಿಂದಿಯ ಮುಖ್ಯಮಂತ್ರಿಗೆ ಸಿಟ್ಟು ಬಂದರೆ ಅವನು ಮೊದಲು ಒಂದು ಗಳಿಗೆ ಎದುರಿನವನನ್ನು ದುರುಗುಟ್ಟಿ ನೋಡುತ್ತಾನೆ, ಆಮೇಲೆ ಮಾತಾಡುತ್ತಾನೆ. ಆ ಖಾಲಿ ಗಳಿಗೆಯಲ್ಲಿ ಕರುಣಾಕರಣ್ಣ ಒಂದು ಸಲ ಗಂಟಲು ಕೆರೆದರು. ‘ಖ್ಹಂ.’ ಪ್ರವೀಣ ಅದನ್ನು ತೆಗೆಯದೆ ಬಿಟ್ಟ. ಜನರಿಗೆ ಹುಚ್ಚು ಹಿಡಿಯಿತು. ಆಮೇಲೆ ಸಿಟ್ಟು ಬಂದಾಗಲೆಲ್ಲ ‘ಖ್ಹಂ’. ಬಸ್ಸಿನಲ್ಲಿ ಚಿಲ್ಲರೆ ಕೇಳುವ ಮೊದಲು ಕಂಡಕ್ಟರು ‘ಖ್ಹಂ’. ನನ್ನ ಒಂಬತ್ತನೇ ತರಗತಿಯಲ್ಲಿ ನಾನು ಹಳೆಗನ್ನಡ ಶುರುಮಾಡಿದ ಕೂಡಲೇ ಹಿಂದಿನ ಬೆಂಚಿನಿಂದ ‘ಖ್ಹಂ’. ಮುಖ್ಯಮಂತ್ರಿಯ ಹೆಸರು ಮರೆತವರಿಗೂ ಅವನ ಗಂಟಲು ಗೊತ್ತಿತ್ತು.

ನಾನು ಹೇಳುತ್ತಿರುವ ಮಳೆಗಾಲಕ್ಕೆ ಮುಂಚಿನ ಸೀಸನ್ ಮುಗಿದದ್ದು ಮುಖ್ಯಮಂತ್ರಿಗೆ ಗುಂಡು ತಾಗುವುದರಲ್ಲಿ. ವೇದಿಕೆಯಲ್ಲಿ ಮಾತಾಡುತ್ತಿದ್ದವನು ಬಿದ್ದ, ಕಪ್ಪಾಯಿತು, ಮುಗಿಯಿತು. ನಾನು ಊರಿನಲ್ಲಿ ತಿರುಗಾಡುವ ಹಾಗಿರಲಿಲ್ಲ. ಹೂವಿನವಳು ಮೊಳ ಹಾಕುವುದನ್ನು ನಿಲ್ಲಿಸಿ ಕೇಳುತ್ತಿದ್ದಳು, “ಟೀಚರ್, ಮುಖ್ಯಮಂತ್ರಿ ಉಳಿಯುವುದುಂಟಾ?” ದೇವಸ್ಥಾನದಲ್ಲಿ ಮಂಗಳಾರತಿ ತಟ್ಟೆ ಹಿಡಿದ ನನ್ನ ಅಪ್ಪನೇ ಮೆಲ್ಲಗೆ ಕೇಳಿದರು. ಧಾರಾವಾಹಿ ನೋಡುವುದು ಕಾಲಹರಣ ಎಂದು ನನಗೆ ಬುದ್ಧಿ ಹೇಳುತ್ತಿದ್ದ ಅಪ್ಪ! ಉಳಿಯುತ್ತಾನೆ ಎಂಬುದು ನನಗೆ ಗೊತ್ತಿತ್ತು. ಹೊಸ ಸೀಸನ್ನಿನ ಮೊದಲ ಕಂತಿನಲ್ಲಿ, ಸತ್ತ ಎಂದು ಎಲ್ಲರೂ ಕೈಬಿಟ್ಟವನು ನೇರ ವಿಧಾನಸಭೆಗೆ ನಡೆದು ಬರುತ್ತಾನೆ. ವಿರೋಧ ಪಕ್ಷದ ನಾಯಕನಿಗೂ ಅವನಿಗೂ ದೊಡ್ಡ ವಾಗ್ವಾದ. ಆದರೆ ಹೇಳುವ ಹಾಗಿಲ್ಲವಲ್ಲ, ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆ.

ಗುಂಡು ನಿಜವಾಗಿ ತಾಗಿದ್ದು ಬೇರೆ ಕಡೆ. ಮಳೆ ಹಿಡಿಯುವ ಹೊತ್ತಿಗೆ ಕರುಣಾಕರಣ್ಣನ ಸ್ವರ ಒಡೆಯತೊಡಗಿತು. ಶೀತ ಎಂದರು, ಧೂಳು ಎಂದರು, ಕಷಾಯ ಕುಡಿದರು. ಕೊನೆಗೆ ಹೆಂಡತಿ ವಸಂತಿಯಕ್ಕ ಎಳೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಸ್ವರದ ತಂತಿಯ ಮೇಲೆ ಒಂದು ಸಣ್ಣ ಗಂಟು. ಕೆಟ್ಟದ್ದಲ್ಲ, ಆದರೆ ತೆಗೆಯಬೇಕು. ತೆಗೆದ ಮೇಲೆ ಡಾಕ್ಟರು ಹೇಳುವವರೆಗೆ ಒಂದು ಮಾತೂ ಆಡಬಾರದು. ಪಿಸುಮಾತು ಇನ್ನೂ ಕೆಟ್ಟದ್ದು, ಅದೂ ಬೇಡ. ಡಾಕ್ಟರು ಇನ್ನೊಂದು ಮಾತನ್ನೂ ಹೇಳಿದ್ದರು. ಗಂಟಲು ಕೆರೆಯುವ ಚಾಳಿ ಉಂಟಲ್ಲ, ಅದು ಈ ಗಂಟಿನಿಂದಲೇ ಶುರುವಾದದ್ದು, ಗಂಟನ್ನು ದೊಡ್ಡದು ಮಾಡಿದ್ದೂ ಅದೇ. ಇನ್ನು ಕೆರೆದರೆ ಮತ್ತೆ ಬರುತ್ತದೆ.

ಊರೇ ಚಪ್ಪಾಳೆ ತಟ್ಟಿದ್ದು ಒಂದು ಕಾಯಿಲೆಗೆ. ಇದನ್ನು ಕೇಳಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಮೊದಲ ಕಂತಿನ ದಿನ ನಿಗದಿಯಾಗಿತ್ತು. ಚಾನೆಲ್ಲಿನವರು ಎಫ್‌ಎಂನಲ್ಲಿ ಮಾತಾಡುವ ಒಬ್ಬ ಯುವಕನನ್ನು ನೋಡಿಟ್ಟಿದ್ದರು. ಒಳ್ಳೆಯ ಸ್ವರ, ಬಾಳೆಎಣ್ಣೆ ಹಚ್ಚಿದಷ್ಟು ನಯ ಎಂದು ಪ್ರವೀಣ ಹೇಳಿದಾಗ ಫೆಲಿಕ್ಸ್ ಬಾಬ್, “ಬಾಳೆಗೆ ಎಣ್ಣೆ ಎಲ್ಲಿಂದ ಬಂತು ಮಾರಾಯ?” ಎಂದು ಅವನ ಬಾಯಿ ಮುಚ್ಚಿಸಿದರು. ಆಮೇಲೆ ತಾವು ತಂದಿದ್ದ ಖಾರದ ಬಿಸ್ಕತ್ತಿನ ಕಟ್ಟು ಬಿಚ್ಚುತ್ತಾ ಏನೋ ಸಣ್ಣ ಸಂಗತಿಯ ಹಾಗೆ ಹೇಳಿದರು:

“ಹೊಸಬ ಯಾರೂ ಬೇಡ. ಕರುಣಾಕರನ ಪಾತ್ರ ನಾನು ಹಿಡಿದುಕೊಡ್ತೇನೆ.”

ಹಿಡಿದುಕೊಡುವುದು ಎಂದರೆ ಅವರ ನಾಟಕ ತಂಡದಲ್ಲಿ ಇದ್ದ ಒಂದು ಕ್ರಮ. ಒಬ್ಬ ನಟ ಕಾಯಿಲೆ ಬಿದ್ದರೆ ಇನ್ನೊಬ್ಬ ಅವನ ಪಾತ್ರ ಮಾಡುತ್ತಾನೆ. ಆದರೆ ತನ್ನ ಹಾಗೆ ಮಾಡುವ ಹಾಗಿಲ್ಲ. ಅವನ ಹಾಗೆಯೇ ನಡೆದು, ಅವನ ಹಾಗೆಯೇ ಎಳೆದು, ಅವನು ತಪ್ಪುವಲ್ಲಿ ತಾನೂ ತಪ್ಪಿ, ಅವನು ಎದ್ದು ಬಂದಾಗ ಪಾತ್ರವನ್ನು ಇದ್ದ ಹಾಗೆಯೇ ಒಪ್ಪಿಸಬೇಕು. ಅವನಿಗಿಂತ ಚೆನ್ನಾಗಿ ಮಾಡಿದರೆ ಅದು ಕಳ್ಳತನ. ಇನ್ನೊಂದು, ಅವನು ಕೂರುವ ಕುರ್ಚಿಯಲ್ಲಿ ಕೂರಬಾರದು.

ತುಳುವರ ಆಟಿ ತಿಂಗಳ ಮಳೆ ಹೊಡೆಯುತ್ತಿದ್ದ ಒಂದು ಸಂಜೆ ವಿಧಾನಸಭೆಯ ದೃಶ್ಯಕ್ಕೆ ಕೈ ಹಾಕಿದೆವು. ಗಾಜಿನ ಆಚೆ ಬೂತಿನಲ್ಲಿ ಎರಡು ಸ್ಟೂಲುಗಳು. ಒಂದು ಫೆಲಿಕ್ಸ್ ಬಾಬ್‌ರದ್ದು. ಇನ್ನೊಂದರ ಮೇಲೆ ವಸಂತಿಯಕ್ಕ ಹೊಲಿದ ದಿಂಬು, ಅದು ಕರುಣಾಕರಣ್ಣನದ್ದು. ಕರುಣಾಕರಣ್ಣ ಗಾಜಿನ ಈಚೆ ನನ್ನ ಪಕ್ಕ. ಆಪರೇಷನ್ ಆಗಿದೆ, ಮನೆಯಲ್ಲಿ ಕೂರಿ ಎಂದರೆ ಕೇಳದೆ ಬಂದಿದ್ದರು. ಕೂಳೂರು ಸೇತುವೆಯ ಮೇಲೆ ಲಾರಿಗಳ ಸಾಲಿನಲ್ಲಿ ಬಸ್ಸು ಸಿಕ್ಕಿಬಿದ್ದು, ಗಂಡ ಹೆಂಡತಿ ಇಬ್ಬರೂ ಅರ್ಧ ನೆನೆದಿದ್ದರು. ವಸಂತಿಯಕ್ಕ ಕಾವಲಿಗೆ.

“ಮನೆಯಲ್ಲಿ ಬೆಕ್ಕು ಬಂದರೂ ಛೂ ಎನ್ನುವ ಹಾಗಿಲ್ಲ ಟೀಚರ್,” ಎಂದರು. “ಇಷ್ಟು ವರ್ಷದ ಮದುವೆಯಲ್ಲಿ ಇವರು ನಾನು ಹೇಳಿದ್ದನ್ನೆಲ್ಲ ಕೇಳಿದ್ದು ಈಗಲೇ.”

ಕರುಣಾಕರಣ್ಣ ಕೈಮುಗಿದು ನಕ್ಕರು. ಶಬ್ದವಿಲ್ಲದ ನಗು ನೋಡಲು ಸಂಕಟವಾಗುತ್ತದೆ.

ಮಳೆ ನಿಂತಿತು. ಪ್ರವೀಣ ಕೈ ಎತ್ತಿದ. ಫೆಲಿಕ್ಸ್ ಬಾಬ್ ತಮ್ಮ ಸ್ಟೂಲಿನಲ್ಲಿ ಕೂತು ವಿರೋಧ ಪಕ್ಷದ ನಾಯಕನಾಗಿ ಬೊಬ್ಬೆ ಹೊಡೆದರು. ಮುಖ್ಯಮಂತ್ರಿಯ ಮಾತು ಬಂದಾಗ ಎದ್ದು ದಿಂಬಿನ ಸ್ಟೂಲಿನ ಪಕ್ಕ ನಿಂತರು. ಆ ಬಾಯಿಯಿಂದ ಕರುಣಾಕರಣ್ಣ ಹೊರಗೆ ಬಂದರು. ಮೈದಾನದ ಕೊನೆಯ ಸಾಲಿಗೂ ಕೇಳಲಿ ಎಂದು ಮಾತಿನ ತುದಿಯನ್ನು ಎಳೆಯುವುದು, ಉಸಿರು ಸಾಲದೆ ನಡುವೆ ನುಂಗುವುದು, ಎಲ್ಲ ಅದೇ. ಮತ್ತೆ ನಾಯಕನ ಮಾತಿಗೆ ಕೂತರು, ಮುಖ್ಯಮಂತ್ರಿಗೆ ಎದ್ದರು. ಒಟ್ಟಿಗೆ ರೆಕಾರ್ಡ್ ಮಾಡಿದರೆ ಜಗಳದ ಬಿಸಿ ಬರುತ್ತದೆ ಎಂದು ಅವರದ್ದೇ ಹಟ. ಆ ವಯಸ್ಸಿನಲ್ಲಿ ಕೂತು ಎದ್ದು, ಕೂತು ಎದ್ದು, ತಮ್ಮೊಡನೆ ತಾವೇ ಜಗಳವಾಡಿ ಬೆವತರು. ಪ್ರವೀಣ, “ಬಾಬ್, ಎರಡನ್ನೂ ಕೂತೇ ಮಾಡಿ, ಆ ದಿಂಬು ಉಂಟಲ್ಲ,” ಎಂದ. ಅವರು ಕೇಳಿಸಲಿಲ್ಲ ಎಂಬ ಹಾಗೆ ನೀರು ಕುಡಿದರು.

ಮುಖ್ಯಮಂತ್ರಿಗೆ ಸಿಟ್ಟು ಬರುವ ಜಾಗ ಬಂತು. ಪರದೆಯ ಮೇಲೆ ಅವನು ದುರುಗುಟ್ಟಿ ನೋಡಿದ. ಫೆಲಿಕ್ಸ್ ಬಾಬ್, ‘ಖ್ಹಂ.’

ಕರುಣಾಕರಣ್ಣ ಎದ್ದುನಿಂತು ಎರಡೂ ಕೈ ಆಡಿಸಿದರು. ಬೇಡ, ಬೇಡ. ತಮ್ಮ ಗಂಟಲು ಮುಟ್ಟಿ ತೋರಿಸಿದರು. ವಸಂತಿಯಕ್ಕ ಮೈಕಿನ ಗುಂಡಿ ಒತ್ತಿ ಒಳಗೆ ಹೇಳಿದರು, “ಅದನ್ನು ತೆಗೆಯಬೇಕಂತೆ ಬಾಬ್. ಅದು ಪಾತ್ರದ್ದಲ್ಲ, ರೋಗದ್ದು.”

“ರೋಗವೋ ಎಂತದೋ, ಅದು ಅವನದ್ದು,” ಎಂದರು ಫೆಲಿಕ್ಸ್ ಬಾಬ್. “ನನ್ನ ಕೈಗೆ ಬರುವಾಗ ಏನೇನು ಇತ್ತೋ ಎಲ್ಲ ಇರ್ಬೇಕು. ಒಂದು ಸಾಮಾನು ಕಮ್ಮಿಯಾದರೆ ನಾಳೆ ನನ್ನನ್ನೇ ಕೇಳಿಯಾನು.”

ಅದು ಹಾಗೆಯೇ ಉಳಿಯಿತು.

ಮೊದಲ ಕಂತು ಪ್ರಸಾರವಾದ ದಿನ ಊರಿಗೆ ಊರೇ ಟಿವಿ ಮುಂದೆ. ಮುಖ್ಯಮಂತ್ರಿ ಬಾಗಿಲು ತಳ್ಳಿಕೊಂಡು ವಿಧಾನಸಭೆಗೆ ಬಂದು ‘ಖ್ಹಂ’ ಎಂದಾಗ ಎದುರು ಮನೆಯಿಂದ ಶಿಳ್ಳೆ ಕೇಳಿಸಿತು. ಸ್ವರ ಬದಲಾದದ್ದು ಒಬ್ಬರಿಗೂ ತಿಳಿಯಲಿಲ್ಲ. ಮರುದಿನ ಸುರತ್ಕಲ್ಲಿನ ಮಾರ್ಕೆಟಿನಲ್ಲಿ ಜನ ಕರುಣಾಕರಣ್ಣನನ್ನು ನಿಲ್ಲಿಸಿ ಹೊಗಳಿದರಂತೆ. ಅವರಿಗೆ ಬಾಯಿ ಬಿಡುವ ಹಾಗಿಲ್ಲ. ಕೈಮುಗಿದು ಮುಂದೆ ಹೋದರು. ಈಗ ಆಸಾಮಿಗೆ ಗತ್ತು ಬಂದಿದೆ ಎಂದು ಯಾರೋ ಹಿಂದಿನಿಂದ ಆಡಿಕೊಂಡರು. ಮನೆಗೆ ಬಂದು ಬಚ್ಚಲಲ್ಲಿ ನೀರು ಬಿಟ್ಟುಕೊಂಡು ಅತ್ತರು ಎಂದು ವಸಂತಿಯಕ್ಕ ನನಗೆ ಫೋನಿನಲ್ಲಿ ಹೇಳಿದರು. “ಹೊಗಳಿದ್ದು ಇವರನ್ನು. ಮಾತಾಡಿದ್ದು ಇವರಲ್ಲ. ಇನ್ನು ಇವರು ಯಾರಿಗೆ ಬೇಕು ಟೀಚರ್?”

ಮಳೆ ಸ್ವಲ್ಪ ಇಳಿದ ಮೇಲೆ ಡಾಕ್ಟರು ಮಾತಾಡಬಹುದು ಎಂದರು. ಸ್ವರ ಬಂದಿತ್ತು. ಬಂದದ್ದಷ್ಟೇ ಅಲ್ಲ, ಹುಣಸೆಹುಳಿ ಹಾಕಿ ತಿಕ್ಕಿದ ತಾಮ್ರದ ತಂಬಿಗೆಯ ಹಾಗೆ ಚೊಕ್ಕವಾಗಿತ್ತು. ಕರುಣಾಕರಣ್ಣ ದಿಂಬಿನ ಮೇಲೆ ಕೂತು ಒಂದು ಇಡೀ ಕಂತನ್ನು ಉಲ್ಲಾಸದಿಂದ ಮುಗಿಸಿದರು. ಸಿಟ್ಟಿನ ಜಾಗಗಳಲ್ಲಿ ಮುಖ್ಯಮಂತ್ರಿ ಹಿಂದಿಯವನ ಹಾಗೆಯೇ ಸುಮ್ಮನೆ ನೋಡಿದ. ಕಂತು ಪ್ರಸಾರವಾಯಿತು. ಚಾನೆಲ್ಲಿಗೆ ಫೋನುಗಳು ಬರತೊಡಗಿದವು.

“ಇದು ಯಾರು ಮಾರಾಯ್ರೆ ಡೂಪ್ಲಿಕೇಟು? ನಮ್ಮ ಕರುಣಾಕರಣ್ಣನನ್ನು ಎಲ್ಲಿ ಕಳಿಸಿದ್ರಿ?”

“ಒರಿಜಿನಲ್ ಮುಖ್ಯಮಂತ್ರಿಯನ್ನು ಕರೆಸಿ. ಇಲ್ಲದಿದ್ದರೆ ನಾವು ನೋಡುವುದಿಲ್ಲ.”

ಜನ ಬಯಸಿದ್ದನ್ನು ಕೊಡಿ ಎಂದು ಚಾನೆಲ್ಲಿನವರು ಪ್ರವೀಣನಿಗೆ ಹೇಳಿದರು. ಇನ್ನೊಂದು ಕಂತು ನೋಡುತ್ತೇವೆ, ಆಗಲೂ ಹೀಗೇ ಆದರೆ ಮುಖ್ಯಮಂತ್ರಿ ಕಾಯಮ್ಮಾಗಿ ಫೆಲಿಕ್ಸ್ ಬಾಬ್‌ಗೆ. ಅವರು ಒಪ್ಪದಿದ್ದರೆ ಎಫ್‌ಎಂ ಯುವಕನಿಗೆ. ಇದನ್ನು ಹೇಳುವಾಗ ಪ್ರವೀಣ ಯಾರ ಮುಖವನ್ನೂ ನೋಡಲಿಲ್ಲ. ಅವನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿರಲಿಲ್ಲ, ಅವನದ್ದೂ ಹೊಟ್ಟೆಪಾಡು.

ಕರುಣಾಕರಣ್ಣ ಕಿಟಕಿಯ ಹತ್ತಿರ ನಿಂತು ಬಸ್‌ಸ್ಟ್ಯಾಂಡಿನ ಕಡೆ ನೋಡುತ್ತಿದ್ದರು. “ನೋಡಿ ಟೀಚರ್,” ಎಂದರು, “ನಾನು ಬದುಕಿರುವಾಗಲೇ ನನಗೆ ನಾನೇ ಡೂಪ್ಲಿಕೇಟ್ ಆದೆ.” ಆಮೇಲೆ ನಮ್ಮ ಕಡೆ ತಿರುಗಿ, “ಒಂದು ಖ್ಹಂ ತಾನೇ? ಮಾಡಿಬಿಡ್ತೇನೆ. ಗಂಟು ಬಂದರೆ ಬರ್ಲಿ.”

“ಮಾಡಿ ನೋಡುವಾ,” ಎಂದರು ವಸಂತಿಯಕ್ಕ. ಜೋರಾಗಿ ಹೇಳಲಿಲ್ಲ, ಆದರೆ ಗೋಡೆಗೆ ಒರಗಿಸಿಟ್ಟ ಕೊಡೆಯನ್ನು ಕೈಗೆತ್ತಿಕೊಂಡಿದ್ದರು.

ಕೊನೆಯ ಅವಕಾಶದ ಆ ಕಂತಿನ ರೆಕಾರ್ಡಿಂಗ್ ದಿನ ನಾನು ಶಾಲೆಗೆ ಅರ್ಧ ರಜೆ ಹಾಕಿ ಬಂದೆ. ಮುಖ್ಯಮಂತ್ರಿ ತನ್ನ ಮಂತ್ರಿಗಳನ್ನು ಬೈಯುವ ದೃಶ್ಯ. ವಿರೋಧ ಪಕ್ಷದ ನಾಯಕನಿಗೆ ಅದರಲ್ಲಿ ಮಾತೇ ಇಲ್ಲ. ಆದರೂ ಫೆಲಿಕ್ಸ್ ಬಾಬ್ ಬೂತಿನೊಳಗೆ ಇದ್ದರು, ಮೂಲೆಯಲ್ಲಿ ನಿಂತು. ದೃಶ್ಯ ಓಡಿತು. ಸಿಟ್ಟಿನ ಜಾಗ ಬಂತು. ಪರದೆಯ ಮೇಲೆ ಮುಖ್ಯಮಂತ್ರಿ ದುರುಗುಟ್ಟಿದ. ಕರುಣಾಕರಣ್ಣನ ಕುತ್ತಿಗೆಯ ನರ ಉಬ್ಬಿತು, ಗಲ್ಲ ಮೇಲೆದ್ದಿತು. ಕೆರೆದೇಬಿಟ್ಟರು ಎಂದುಕೊಂಡು ನಾನು ವಸಂತಿಯಕ್ಕನ ಕೈ ಹಿಡಿದೆ.

ಫೆಲಿಕ್ಸ್ ಬಾಬ್ ಮೂಲೆಯಿಂದ ಮೈಕಿನ ಹತ್ತಿರ ಬಾಗಿದರು. ‘ಖ್ಹಂ.’

ಅದರ ಹಿಂದೆಯೇ ಕರುಣಾಕರಣ್ಣನ ಮಾತು ಹೊರಟಿತು, ಒಂದು ಕೂದಲೆಳೆಯ ಸಂದೂ ಇಲ್ಲದೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ದೃಶ್ಯ ಮುಗಿದ ಮೇಲೆ ಪ್ರವೀಣ “ಓಕೆ,” ಎಂದ. ಮತ್ತೊಮ್ಮೆ ಬೇಕೆಂದು ಕೇಳಲಿಲ್ಲ.

ಆ ಕಂತನ್ನು ನಾವೆಲ್ಲ ಸುರತ್ಕಲ್ಲಿನ ಮನೆಯಲ್ಲಿ ಒಟ್ಟಿಗೆ ನೋಡಿದೆವು. ವಸಂತಿಯಕ್ಕ ಕೆಸುವಿನೆಲೆಯ ಪತ್ರೊಡೆ ಮಾಡಿದ್ದರು. ಕಂತು ಮುಗಿದದ್ದೇ ಪಕ್ಕದ ಮನೆಯ ಯಜಮಾನರು ಓಡಿಬಂದರು.

“ಈಗ ಸರಿಯಾಯ್ತು ಕರುಣಾಕರಣ್ಣ! ಹೋದ ವಾರ ಯಾರೋ ನಿಮ್ಮ ಹಾಗೆ ಮಾಡ್ಲಿಕ್ಕೆ ನೋಡಿದ್ದ, ಪಾಪ. ಮಾತೆಲ್ಲ ಬಂತು. ಆದರೆ ಆ ಖ್ಹಂ ಉಂಟಲ್ಲ, ಅದು ನಿಮಗೆ ಬಿಟ್ಟು ಬೇರೆ ಯಾರಿಗೂ ಬರುವುದಿಲ್ಲ.”

ಫೆಲಿಕ್ಸ್ ಬಾಬ್‌ರ ಬಾಯಿತುಂಬ ಪತ್ರೊಡೆ ಇತ್ತು. ಅವರು ಹೌದು ಹೌದು ಎಂದು ತಲೆಯಾಡಿಸಿದರು. ನಾನು ನಗು ತಡೆಯಲಾರದೆ ಅಡುಗೆಮನೆಗೆ ಓಡಿದೆ. ಅಲ್ಲಿ ವಸಂತಿಯಕ್ಕ ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅಂದಿನಿಂದ ಇಂದಿನವರೆಗೆ ಹಾಗೆಯೇ ನಡೆದುಬಂದಿದೆ. ಮುಖ್ಯಮಂತ್ರಿಯ ಮಾತು ಕರುಣಾಕರಣ್ಣನದ್ದು, ಗಂಟಲು ವಿರೋಧ ಪಕ್ಷದ್ದು. ಯಂತ್ರದಲ್ಲಿ ಹಳೆಯ ‘ಖ್ಹಂ’ ಬೇಕಾದಷ್ಟುಂಟು, ಅದನ್ನೇ ಅಂಟಿಸುತ್ತೇನೆ ಎಂದು ಪ್ರವೀಣ ಎಷ್ಟೋ ಸಲ ಹೇಳಿದ. ಪ್ರತಿ ಸಿಟ್ಟೂ ಬೇರೆ ಬೇರೆ ಎಂದು ಫೆಲಿಕ್ಸ್ ಬಾಬ್ ಒಪ್ಪಲಿಲ್ಲ.

ಇಷ್ಟೆಲ್ಲ ನೆನೆಸಿಕೊಂಡು ಮೊನ್ನೆ ನಾನು ಕೊನೆಗೂ ಮೆಟ್ಟಿಲು ಹತ್ತಿದೆ. ಫೆಲಿಕ್ಸ್ ಬಾಬ್ ಹಾಳೆ ಓದಿ ಮುಗಿಸಿದ್ದರು. “ಚೆನ್ನಾಗಿ ಸಾಯಿಸಿದ್ದೀರಿ ಟೀಚರ್,” ಎಂದಷ್ಟೇ ಹೇಳಿದರು. ತಮ್ಮ ಸ್ಟೂಲಿನಲ್ಲಿ ಕೂತು, ಒಂದೇ ಟೇಕಿನಲ್ಲಿ, ಮಳೆ ಬರುವ ಮೊದಲೇ ಸತ್ತರು. ಹೆಡ್‌ಫೋನ್ ತೆಗೆದು ಕೊಂಡಿಗೆ ತೂಗುಹಾಕಿದರು. ಇಷ್ಟು ವರ್ಷ ಅಲ್ಲೇ ಬಿಟ್ಟುಹೋಗುತ್ತಿದ್ದ ನೀರಿನ ಬಾಟಲಿಯನ್ನು ಚೀಲಕ್ಕೆ ಹಾಕಿದರು.

ಮುಂದಿನ ದೃಶ್ಯದಲ್ಲಿ ಮುಖ್ಯಮಂತ್ರಿಗೆ ಆ ಸಾವಿನ ಸುದ್ದಿ ಮುಟ್ಟುತ್ತದೆ. ಪಕ್ಕದಲ್ಲಿದ್ದ ಮಂತ್ರಿಯೊಬ್ಬ ಪೀಡೆ ತೊಲಗಿತು ಎಂದು ನಗುತ್ತಾನೆ. ಮುಖ್ಯಮಂತ್ರಿ ಅವನ ಕಡೆ ತಿರುಗಿ ದುರುಗುಟ್ಟಿದ. ಕರುಣಾಕರಣ್ಣ ಮಾತು ನಿಲ್ಲಿಸಿ ಕಾದರು. ಬಾಗಿಲವರೆಗೆ ಹೋಗಿದ್ದ ಫೆಲಿಕ್ಸ್ ಬಾಬ್ ಚೀಲ ಹೆಗಲಲ್ಲಿರುವಂತೆಯೇ ಸರಸರ ತಿರುಗಿ ಬಂದು, ಮೈಕಿನ ಹತ್ತಿರ ನಿಂತರು.

‘ಖ್ಹಂ.’

ಪ್ರವೀಣ ದೃಶ್ಯವನ್ನು ಮುಗಿಯಲು ಬಿಟ್ಟ. ಆಮೇಲೆ ಮೆಲ್ಲಗೆ, “ಬಾಬ್, ಇನ್ನು ನಿಮಗೆ ಈ ಮಳೆಯಲ್ಲಿ ಬರುವ ಕಷ್ಟ ಇಲ್ಲ. ನಿಮ್ಮ ಪಾತ್ರ ಸತ್ತಿತಲ್ಲ,” ಎಂದ.

“ಸತ್ತದ್ದು ನಾಯಕ ಮಾರಾಯ. ಇವನ ಗಂಟಲು ಸತ್ತಿದೆಯಾ?” ಎಂದರು ಫೆಲಿಕ್ಸ್ ಬಾಬ್. “ಮುಂದಿನ ವಾರ ಎಷ್ಟು ಗಂಟೆಗೆ ಬರ್ಬೇಕು, ಅದನ್ನು ಹೇಳು.”

ಕರುಣಾಕರಣ್ಣ ದಿಂಬಿನಿಂದ ಎದ್ದರು. ಅಂಗಿಯ ಕಿಸೆಯಿಂದ ಜ್ಯೇಷ್ಠಮಧುವಿನ ಬೇರು ತೆಗೆದು, ಎರಡು ತುಂಡು ಮಾಡಿ, ದೊಡ್ಡದನ್ನು ಫೆಲಿಕ್ಸ್ ಬಾಬ್‌ರ ಅಂಗೈಗೆ ಹಾಕಿದರು.